ಚನ್ನಬಸವ್ವನ ಹೂವು

ಹೋದ ವರ್ಷ ಮಾರ್ಚ್ ತಿಂಗಳಲ್ಲಿ ಕೆಲಗೇರಿ ಕೆರೆಯ ಹಿಂದಿನ ನಮ್ಮ ಓಣಿಯಲ್ಲಿ ನಡೆದ ಅಭಿನಂದನ ಸಮಾರಂಭದ ಬಗ್ಗೆ ಧಾರವಾಡದಲ್ಲಿ ಇಲ್ಲಸಲ್ಲದ ಮಾತುಗಳು ಹಬ್ಬಿವೆ. ಸತ್ತ ಮುದುಕಿ ಎದ್ದು ಕುಳಿತಳಂತೆ ಎನ್ನುವವರಿದ್ದಾರೆ. ಬದುಕಿದ್ದವಳಿಗೆ ಶ್ರದ್ಧಾಂಜಲಿ ಸಲ್ಲಿಸಿದರಂತೆ ಎಂದು ನಗುವವರಿದ್ದಾರೆ. ಎರಡೂ ಪೂರ್ತಿ ಸುಳ್ಳಲ್ಲ ಎಂಬುದೇ ನಮ್ಮ ಸಂಕಟ. ನಾನು ಆ ಸಮಾರಂಭದ ಸಮಿತಿಯ ಸದಸ್ಯನಾಗಿದ್ದೆ. ಮುಖ್ಯ ಅತಿಥಿಗಳ ಕೈಗೆ ನೀರಿನ ಲೋಟ ಕೊಟ್ಟವನು ನಾನೇ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಹೇಳುವ ಅಧಿಕಾರ ನನಗಿದೆ ಎಂದು ತಿಳಿದಿದ್ದೇನೆ.

ಎಲ್ಲಕ್ಕೂ ಮೂಲ ಮಡಿವಾಳಪ್ಪ. ಅಮರಗೋಳದ ಮಾರುಕಟ್ಟೆಯಲ್ಲಿ ಒಂದು ಹತ್ತಿ ಅಂಗಡಿಯಲ್ಲಿ ಅಂಡಿಗೆ, ಅಂದರೆ ಹತ್ತಿಯ ಮೂಟೆ, ತೂಗಿಸುವ ಕೆಲಸ ಅವನದು. ಐವತ್ತೆರಡು ವರ್ಷದ, ಯಾರ ಗೊಡವೆಗೂ ಹೋಗದ ಸಂಭಾವಿತ. ಅವನಲ್ಲಿ ಒಂದೇ ದೋಷ. ಯಾರು ಏನು ಕೇಳಿದರೂ "ಹೌದ್ರಿ" ಎನ್ನುತ್ತಾನೆ. ಅಲ್ಲ ಎಂಬ ಮಾತು ಅವನ ನಾಲಿಗೆಗೆ ಹತ್ತುವುದೇ ಇಲ್ಲ. ಒಮ್ಮೆ ಬಸ್ ನಿಲ್ದಾಣದಲ್ಲಿ ಯಾರೋ ಪುಣ್ಯಾತ್ಮ "ನೀವೂ ನವಲಗುಂದಕ್ಕೇನ್ರಿ?" ಎಂದು ಕೇಳಿದನಂತೆ. ಇವನು ಹೌದ್ರಿ ಎಂದ. ಎಂದ ಮೇಲೆ ಮನೆಯ ಬಸ್ಸು ಹತ್ತುವುದು ಹೇಗೆ? ನವಲಗುಂದಕ್ಕೆ ಹೋಗಿ, ಚಹಾ ಕುಡಿದು, ಸಂಜೆಗೆ ಮನೆಗೆ ಬಂದ. ಅವನ ಹೆಂಡತಿ ದಾಕ್ಷಾಯಿಣಿ ಇದನ್ನು ಇಪ್ಪತ್ತಾರು ವರ್ಷಗಳಿಂದ ಸಹಿಸಿಕೊಂಡು ಬಂದಿದ್ದಾಳೆ. ಅವಳಿಗೂ ಒಂದು ಸನ್ಮಾನ ಆಗಬೇಕಿತ್ತು, ಆದರೆ ಅದು ಬೇರೆ ಮಾತು.

ಮಡಿವಾಳಪ್ಪನ ತಂದೆ ತೀರಿಕೊಂಡದ್ದು ಕೊರೋನಾ ಲಾಕ್‌ಡೌನಿನ ಏಪ್ರಿಲ್‌ನಲ್ಲಿ. ರೋಗದಿಂದಲ್ಲ, ಎಂಬತ್ನಾಲ್ಕು ವರ್ಷದ ವಯಸ್ಸಿನಿಂದ. ನಮ್ಮ ಪದ್ಧತಿಯಲ್ಲಿ ಹೋದವರನ್ನು ಮಲಗಿಸಿ ಒಯ್ಯುವುದಿಲ್ಲ. ಹಣೆಗೆ ವಿಭೂತಿ ಹಚ್ಚಿ, ವಿಮಾನ ಎಂಬ ಬಿದಿರಿನ ಮಂಟಪದಲ್ಲಿ ನೆಟ್ಟಗೆ ಕೂಡ್ರಿಸಿ, ಮೈ ಕಾಣದಂತೆ ಹೂವು ತುಂಬಿ, ಭಜನೆಯೊಡನೆ ರುದ್ರಭೂಮಿಗೆ ಕರೆದೊಯ್ದು ಮಣ್ಣು ಮಾಡುತ್ತೇವೆ. ಆ ದಿನ ಧಾರವಾಡದ ಹೂವಿನ ಪೇಟೆ ಮುಚ್ಚಿತ್ತು, ಹುಬ್ಬಳ್ಳಿಯದೂ ಮುಚ್ಚಿತ್ತು. ದಾಕ್ಷಾಯಿಣಿ ಹಿತ್ತಲಿನ ಬಟ್ಟಲು ಹೂವಿನ ಗಿಡದಲ್ಲಿ ಹುಡುಕಿ ಐದು ಹೂವು ತಂದಳು. ಆ ಐದು ಹೂವಿನ ಮೇಲೆ ಹಿರಿಯರು ಹೊರಟುಹೋದರು.

ಅವರ ಹೆಂಡತಿ ಚನ್ನಬಸವ್ವ ಅಂದು ಅಳಲಿಲ್ಲ. ಆಮೇಲೂ ಅದರ ಮಾತು ಎತ್ತಲಿಲ್ಲ. ನಾಲ್ಕು ವರ್ಷ ಕಳೆದು, ತನಗೆ ಎಂಬತ್ತೆರಡು ತುಂಬಿದ ದಿನ ಮಗನನ್ನು ಕರೆದಳು.

"ಮಡಿವಾಳಾ, ನಾ ಹೋಗೂ ದಿನಾ ಯಾವುದಂತ ನನಗ ಗೊತ್ತಿಲ್ಲ. ಬ್ಯಾಸಿಗ್ಯಾಗ ಬರ್ತೈತೋ, ಪ್ಯಾಟಿ ಬಂದ್ ಇದ್ದಾಗ ಬರ್ತೈತೋ. ನಿಮ್ಮಪ್ಪನಂಗ ನಾ ಹೋಗಾಕಿ ಅಲ್ಲ. ನನ್ನ ಹೂವು ಮನ್ಯಾಗ ತಯಾರ ಇರಬೇಕು. ಆತೇನು?"

"ಹೌದವ್ವಾ," ಎಂದ ಮಡಿವಾಳಪ್ಪ.

ಬೇರೆಯವರಾದರೆ ಮುದುಕಿಯ ಮಾತೆಂದು ಬಿಟ್ಟುಬಿಡುತ್ತಿದ್ದರು. ಇವನು ಹೌದು ಎಂದ ಮೇಲೆ ನವಲಗುಂದವನ್ನೂ ಬಿಟ್ಟವನಲ್ಲ. ಎರಡು ದಿನ ಊಟ ಸೇರದೆ ತಿರುಗಾಡಿ, ಮೂರನೆಯ ದಿನ ಪಕ್ಕದ ಮನೆಯ ರೂತ್ ಟೀಚರರ ಗೇಟಿನ ಮುಂದೆ ನಿಂತ. ಮಿಷನ್ ಸಾಲಿಯಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತರಾದ ಅವರು ತಮ್ಮ ಚರ್ಚಿನ ಹೂದಾನಿಗಳಿಗೆ ವರ್ಷವಿಡೀ ಇರುವ ಒಣಹೂವು ಬೆಳೆಯುತ್ತಿದ್ದರು. ಸಂಗತಿ ಕೇಳಿ ಅವರು ಕನ್ನಡಕ ತೆಗೆದು ಒರೆಸಿಕೊಂಡು, ಒಳಗಿನಿಂದ ಮೂರು ಪುಡಿಕೆ ಬೀಜ ತಂದುಕೊಟ್ಟರು.

"ಇದು ಕಾಗದದ ಹೂವು, ಇದು ಉದ್ದನ್ನ ಕೋಳಿಜುಟ್ಟು, ಇದು ನೀಲಿ ಹೂವಿಂದು. ಮೂರೂ ಎದಿಮಟ ಬೆಳೀತಾವ. ಮಹಾನವಮಿ ಮುಗದ ಮ್ಯಾಲ ಬಿತ್ತು. ಗಾಳಿಗೆ ಬೀಳದಂಗ ಬಿದಿರ ಕೋಲ ಊರಿ ಕಟ್ಟು. ಹೂವು ಪೂರಾ ಅರಳೂತನಾ ಕಾಯಬ್ಯಾಡ, ಹೊರಗಿನ ಎರಡ ಸುತ್ತ ಬಿಚ್ಚಿದ ಕೂಡಲೆ ಕೊಯ್ಯಿ. ಎಲಿ ಎಲ್ಲಾ ತಗದು, ಸೂಡ ಕಟ್ಟಿ, ಕತ್ತಲಿ ಖೋಲ್ಯಾಗ ತಲಿಕೆಳಗ ಮಾಡಿ ತೂಗಹಾಕು. ಮೂರು ವಾರ. ಮತ್ತ ಒಂದು ಮಾತು ನೆನಪ ಇಡು. ಇವು ಒಂದ ವರ್ಷದ ಗಿಡ. ಪ್ರತಿ ವರ್ಷ ಬೀಜ ತಗದು ಹೊಸದಾಗಿ ಬಿತ್ತಬೇಕು."

"ಹೌದ್ರಿ," ಎಂದ ಮಡಿವಾಳಪ್ಪ. ಆ ಒಂದು ಹೌದ್ರಿಯಿಂದ ಯಾರಿಗೂ ಕೇಡಾಗಲಿಲ್ಲ ಎಂಬುದನ್ನು ನ್ಯಾಯಕ್ಕಾಗಿ ಇಲ್ಲಿ ದಾಖಲಿಸುತ್ತೇನೆ.

ಹಿತ್ತಲಿನ ಮೆಂತ್ಯದ ಮಡಿಗಳು ಹೋದವು. ದಾಕ್ಷಾಯಿಣಿ ಒಂದು ವಾರ ಗಂಡನೊಡನೆ ಮಾತು ಬಿಟ್ಟಳು. ಗಿಡಗಳು ಮಾತ್ರ ಹೇಳಿದಂತೆ ಬೆಳೆದವು. ಸಂಕ್ರಾಂತಿಯ ಹೊತ್ತಿಗೆ ಹಳದಿ, ಕೆಂಪು, ನೀಲಿ ತಲೆಗಳು ಕಂಪೌಂಡ್ ಗೋಡೆ ದಾಟಿ ಓಣಿಯನ್ನು ಇಣುಕಿ ನೋಡತೊಡಗಿದವು. ಹೂವು ಗೋಡೆಯ ಒಳಗಿರುವವರೆಗೆ ಅದು ಮನೆಯವರ ಸಂಗತಿ. ಗೋಡೆ ದಾಟಿದರೆ ಓಣಿಯವರ ಸಂಗತಿ. ಹೂವು ಮಾರುವ ರಾಜಬಿ ಬುಟ್ಟಿ ಇಳಿಸಿ, ಒಂದು ಕಾಗದದ ಹೂವನ್ನು ಮುಟ್ಟಿ, ಅದು ಬೆರಳಿಗೆ ಚರಚರ ಎಂದದ್ದೇ ತಡ, ಕೈ ಹಿಂದಕ್ಕೆ ತೆಗೆದುಕೊಂಡಳು.

"ಇದಕ್ಕ ನೀರ ಹಾಕೇ ಇಲ್ಲೇನ್ರಿ ಅಣ್ಣಾರ? ಗಿಡದಾಗs ಒಣಗೈತಲ್ಲ!"

"ಹೌದ್ರಿ," ಎಂದ ಮಡಿವಾಳಪ್ಪ. ಅವತ್ತು ಬೆಳಿಗ್ಗೆಯೇ ಹನ್ನೆರಡು ಕೊಡ ನೀರು ಹಾಕಿದ್ದ.

ಒಣ ಹೂವು ದೇವರಿಗಾಗಲಿ ಹೋದವರಿಗಾಗಲಿ ಸಲ್ಲುವುದಿಲ್ಲ ಎಂಬ ತಕರಾರನ್ನು ದಾಕ್ಷಾಯಿಣಿ ಎತ್ತದೆ ಇರಲಿಲ್ಲ. ಚನ್ನಬಸವ್ವ ಕೋಲೂರಿಕೊಂಡು ಹಿತ್ತಲಿಗೆ ಬಂದು, ಗಿಡದ ಮೇಲಿನ ಹೂವನ್ನು ಹಿಂಡಿ ನೋಡಿ ತೀರ್ಪು ಕೊಟ್ಟಳು. "ಬಾಡಿದ್ದು ಸಲ್ಲೂದಿಲ್ಲ, ಖರೆ. ಇದು ಬಾಡಿದ್ದಲ್ಲ. ಇದು ಹುಟ್ಟಿದ್ದs ಹಿಂಗ. ಹುಟ್ಟಾ ಒಣಾ ಇದ್ದದ್ದನ್ನ ಒಣಗೇತಿ ಅನ್ನಾಕ ಬರೂದಿಲ್ಲ." ಈ ತೀರ್ಪಿನ ಮೇಲೆ ಅಪೀಲು ಹೋಗುವ ಧೈರ್ಯ ಯಾರಿಗೂ ಇರಲಿಲ್ಲ.

ಫೆಬ್ರುವರಿಯಲ್ಲಿ ಕೊಯ್ಲಾಯಿತು. ನಡುಮನೆಯ ಪಕ್ಕದ ಕತ್ತಲೆ ಕೋಣೆಯಲ್ಲಿ, ಜಂತಿಯಿಂದ ಜಂತಿಗೆ ಹಗ್ಗ ಎಳೆದು, ಅರವತ್ತು ಸೂಡು ಹೂವನ್ನು ತಲೆಕೆಳಗಾಗಿ ತೂಗುಹಾಕಿದರು. ಚನ್ನಬಸವ್ವ ದಿನಕ್ಕೆರಡು ಸಲ ಬಾಗಿಲು ತೆರೆದು ತನ್ನ ಹೂವನ್ನು ತಪಾಸಣೆ ಮಾಡುತ್ತಿದ್ದಳು. "ಕೆಂಪು ಕಡಿಮಿ ಆತು. ಎಡಕ್ಕ ಹಳದಿ ಹೆಚ್ಚಾದ್ರ ಬಲಕ್ಕ ಬೋಳ ಕಾಣತೈತಿ," ಎನ್ನುತ್ತಿದ್ದಳು. ನೋಡಿದ ಮೇಲೆ ಅವಳಿಗೆ ಒಳ್ಳೆಯ ನಿದ್ದೆ ಬರುತ್ತಿತ್ತಂತೆ. ನಾಲ್ಕು ವರ್ಷದಲ್ಲಿ ಆಕೆ ಇಷ್ಟು ಸಮಾಧಾನದಿಂದ ಇದ್ದದ್ದನ್ನು ಕಂಡಿಲ್ಲ ಎಂದು ದಾಕ್ಷಾಯಿಣಿಯೇ ಒಪ್ಪಿಕೊಂಡಳು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಮುಗಿಯದಿದ್ದದ್ದು ಶಿವಯೋಗೀಶ ಮಾಸ್ತರರಿಂದ.

ಮಾಸ್ತರರು ನಿವೃತ್ತ ಮುಖ್ಯೋಪಾಧ್ಯಾಯರು, ಹನ್ನೊಂದು ಸಂಘಗಳ ಕಾರ್ಯದರ್ಶಿ. ಧಾರವಾಡದಲ್ಲಿ ಅರವತ್ತು ದಾಟಿದ ಯಾವ ಜೀವವೂ ಶಾಲು ಹೊದೆಯದೆ ಉಳಿಯಬಾರದು ಎಂಬುದು ಅವರ ವ್ರತ. ಅವರ ಬೀರುವಿನಲ್ಲಿ ಇಸ್ತ್ರಿ ಮಾಡಿದ ಶಾಲುಗಳು ಯಾವಾಗಲೂ ಸಿದ್ಧವಿರುತ್ತವೆ. ನಮ್ಮ ಓಣಿಯಲ್ಲಿ ಸನ್ಮಾನವಾಗದೆ ಉಳಿದ ಹಿರಿಯರು ತೀರಾ ಕಡಿಮೆಯಾಗಿ, ಎರಡು ತಿಂಗಳಿಂದ ಅವರು ಸೊರಗಿದ್ದರು. ಅಂಥ ಹೊತ್ತಿನಲ್ಲಿ ಯಾವುದೋ ಸಂಘದ ಕರಪತ್ರ ಕೊಡಲು ಮಡಿವಾಳಪ್ಪನ ಮನೆಗೆ ಹೋಗಿ, ತೆರೆದ ಬಾಗಿಲಿನಿಂದ ಆ ಅರವತ್ತು ಸೂಡುಗಳನ್ನು ಕಂಡರು.

"ಏನ್ರಿ ಮಡಿವಾಳಪ್ಪ, ಇಷ್ಟೊಂದು ಹೂವು! ಯಾರದರೆ ಸನ್ಮಾನ ಐತೇನು?"

ಮಡಿವಾಳಪ್ಪ ಏನು ಹೇಳಬೇಕು? ಪಕ್ಕದಲ್ಲೇ ತಾಯಿ ಕುಳಿತಲ್ಲೇ ನಿದ್ದೆ ಹೋಗಿದ್ದಾಳೆ. ಇದು ನಮ್ಮವ್ವನ ಮಣ್ಣಿಗೆ ಎಂದು ಬಾಯಿಬಿಟ್ಟು ಹೇಳುವ ಮಗ ಯಾರು? ಅವನು ಬೆವರಿದ. ಬೆವರಿ, ತನಗೆ ಗೊತ್ತಿದ್ದ ಒಂದೇ ಮಾತು ಆಡಿದ.

"ಹೌದ್ರಿ."

"ಯಾರದು? ನಿಮ್ಮ ತಾಯಾರದ?"

"ಹೌದ್ರಿ."

"ನನಗ ಹೇಳದs ಮಾಡೂ ವಿಚಾರ ಇತ್ತೇನು?" ಎಂದ ಮಾಸ್ತರರ ಧ್ವನಿಯಲ್ಲಿ ನಿಜವಾದ ನೋವಿತ್ತು. ಅದಕ್ಕೂ ಮಡಿವಾಳಪ್ಪ ಹೌದ್ರಿ ಎಂದ.

ಅದೇ ಸಂಜೆ ಚನ್ನಬಸವ್ವ ಅಭಿನಂದನ ಸಮಿತಿ ಅಸ್ತಿತ್ವಕ್ಕೆ ಬಂತು. ಅಧ್ಯಕ್ಷರು ಮಾಸ್ತರರು, ಸದಸ್ಯರು ನಾವು ನಾಲ್ವರು. ಮೊದಲ ಸಭೆಯಲ್ಲಿಯೇ ಒಂದು ತೊಡಕು ಕಾಣಿಸಿಕೊಂಡಿತು. ಆಕೆಯ ಸಾಧನೆ ಏನು? ಒಬ್ಬರು, ರೊಟ್ಟಿ ತೆಳ್ಳಗೆ ಬಡಿಯುತ್ತಾಳೆ ಎಂದರು. ಇನ್ನೊಬ್ಬರು, ಎಡಗಡೆಯ ಮನೆಯವರೊಡನೆ ಆಕೆ ಎಂದೂ ಜಗಳಾಡಿಲ್ಲ ಎಂದು ನೆನಪಿಸಿದರು. ಬಲಗಡೆಯ ಮನೆಯವನಾದ ನಾನು ಸುಮ್ಮನಿದ್ದೆ. ಕೊನೆಗೆ ಮಾಸ್ತರರು ಪುಸ್ತಕದಲ್ಲಿ "ಬಹುಮುಖ ವ್ಯಕ್ತಿತ್ವ" ಎಂದು ಬರೆದುಕೊಂಡು, ಉಳಿದದ್ದನ್ನು ಸನ್ಮಾನಿತರಿಂದಲೇ ಕೇಳೋಣ ಎಂದರು.

ಮರುದಿನ ಐವರೂ ಹೋದೆವು. ಮಡಿವಾಳಪ್ಪ ಅಮರಗೋಳದಲ್ಲಿದ್ದ. ದಾಕ್ಷಾಯಿಣಿ ಹಿಟ್ಟು ಬೀಸಿಸಲು ಹೋಗಿದ್ದಳು. ಚನ್ನಬಸವ್ವ ಕಟ್ಟೆಯ ಮೇಲೆ ಕುಳಿತಿದ್ದಳು.

"ಅಮ್ಮಾರ, ಮಡಿವಾಳಪ್ಪ ಎಲ್ಲಾ ಹೇಳ್ಯಾನ್ರಿ. ನಾವು ಐದೂ ಮಂದಿ ನಿಮ್ಮ ಸಲುವಾಗಿ ದುಡಿಯಾಕ ಬಂದೇವಿ," ಎಂದರು ಮಾಸ್ತರರು.

ಆಕೆ ನಮ್ಮ ಹೆಗಲುಗಳನ್ನು ಒಂದೊಂದಾಗಿ ನೋಡಿದಳು. "ನಾಕ ಮಂದಿ ಸಾಕಾಗತಿತ್ತು," ಎಂದಳು.

"ಇಲ್ರಿ, ಕೆಲಸ ಭಾಳ ಇರ್ತೈತಿ. ಪೆಂಡಾಲಕ್ಕ ಒಬ್ಬರು, ಊಟಕ್ಕ ಒಬ್ಬರು."

"ಊಟ ಛಲೋ ಆಗಲಿ. ಅವರದಕ್ಕ ಒಬ್ಬರೂ ಉಣ್ಣಲಿಲ್ಲ."

ಮಾಸ್ತರರು ಬರೆದುಕೊಂಡರು: ಪತಿಯವರ ಸನ್ಮಾನದಲ್ಲಿ ಭೋಜನ ವ್ಯವಸ್ಥೆ ಇರಲಿಲ್ಲ.

"ಕುರ್ಚಿ ಎಂಥಾದ್ದು ಬೇಕ್ರಿ?"

"ಬೆನ್ನ ಎತ್ತರ ಇರಲಿ. ಕುತ್ತಿಗಿ ವಾಲಬಾರದು. ಆ ಕಡೀ ಮನಿ ಈರವ್ವಂದು ದಾರ್ಯಾಗ ವಾಲಿತ್ತು. ಮಂದಿ ಇನ್ನೂ ಮಾತಾಡತಾರ."

"ಭಾಷಣ?"

"ಎರಡ ಛಲೋ ಮಾತ ಆಡ್ರಿ, ಸಾಕು. ಏನರೆ ಕೆಟ್ಟದ್ದು ಇದ್ರ ಈಗ ಹೇಳಿಬಿಡ್ರಿ." ಹೀಗೆಂದು ಆಕೆ ನನ್ನ ಕಡೆ ನೋಡಿದಳು. ನಾನು ಪೆನ್ನಿನ ಟೋಪಿ ತಿರುಗಿಸುತ್ತ ಕುಳಿತೆ.

"ಕಡೀಕ ನೀವೂ ಎರಡು ಮಾತು ಆಡಬೇಕ್ರಿ."

ಚನ್ನಬಸವ್ವ ಕೋಲನ್ನು ಬದಿಗಿಟ್ಟಳು. "ಆಗ ನಾ ಆಡೂವಂಗ ಇದ್ರ ನೀವ್ಯಾಕ ಬರಬೇಕಿತ್ತು?"

ಇಂಥ ವಿನಯವನ್ನು ನಲವತ್ತೊಂದು ಸನ್ಮಾನಗಳಲ್ಲಿ ಕಂಡಿಲ್ಲ ಎಂದು ಮಾಸ್ತರರು ದಾರಿಯಲ್ಲಿ ಕಣ್ಣೊರೆಸಿಕೊಂಡರು. ಆದರೆ ಅದಕ್ಕೂ ಮೊದಲು ಕೊನೆಯ ಪ್ರಶ್ನೆ ಕೇಳಿದ್ದರು.

"ದಿನಾ ಯಾವುದು ಇಟ್ಕೊಳ್ಳೋಣ್ರಿ?"

"ಅದು ನಮ್ಮ ಕೈಯಾಗ ಐತೇನಪಾ?"

"ಖರೆ ಮಾತು. ಅದು ಬರೂ ದೊಡ್ಡವರ ಕೈಯಾಗ ಐತಿ. ಆದ್ರ ಅವರು ಒಂದ ವಾರ ಮೊದಲ ತಿಳಸ್ತಾರ್ರಿ."

"ಒಂದ ವಾರ ಮೊದಲ?" ಮುದುಕಿ ಬೆರಗಾದಳು. "ಈಗಿನ ಕಾಲಕ್ಕ ಅದೂ ಬಂತೇನು! ನಮ್ಮವರ ಪಾಳಿಗೆ ಇರಲಿಲ್ಲ ನೋಡು."

ಬರುವ ದೊಡ್ಡವರು ಒಬ್ಬ ಮಾಜಿ ನಿರ್ದೇಶಕರು. ಯಾವುದರ ಮಾಜಿ ನಿರ್ದೇಶಕರು ಎಂದು ಕೇಳುವ ಅವಶ್ಯಕತೆ ಯಾರಿಗೂ ಬಿದ್ದಿರಲಿಲ್ಲ. ಅವರು ಮಾರ್ಚ್ ಎರಡನೆಯ ರವಿವಾರ, ಬೆಳಿಗ್ಗೆ ಹನ್ನೊಂದಕ್ಕೆ ಒಪ್ಪಿದರು. ಈ ಸುದ್ದಿ ಹೇಳಿದಾಗ ಮಡಿವಾಳಪ್ಪ ಹಿತ್ತಲಿಗೆ ಹೋಗಿ, ಹೂವು ಕೊಯ್ದ ಗಿಡಗಳಿಗೆ ನೀರು ಹಾಕತೊಡಗಿದ. ರೂತ್ ಟೀಚರರು ಗೋಡೆಯ ಆಚೆಯಿಂದ, "ಮಡಿವಾಳಪ್ಪ, ಖರೇ ಸಂಗತಿ ಇವತ್ತs ಹೇಳಿಬಿಡು. ದಿನಾ ಹೋದಂಗ ಹೇಳಾಕ ತ್ರಾಸ ಆಗತೈತಿ," ಎಂದರು. ಅವನು ಹೌದ್ರಿ ಎಂದು ಹೇಳಿ, ಯಾರಿಗೂ ಏನೂ ಹೇಳಲಿಲ್ಲ.

ಆಮಂತ್ರಣ ಮುದ್ರಣವಾಯಿತು. ಕೆರೆಯ ತಿರುವಿನಲ್ಲಿ ಎಂಟು ಅಡಿಯ ಫ್ಲೆಕ್ಸ್ ನಿಂತಿತು. ನಮ್ಮ ಕಡೆ ಸನ್ಮಾನದ ಫ್ಲೆಕ್ಸಿಗೂ ಶ್ರದ್ಧಾಂಜಲಿಯ ಫ್ಲೆಕ್ಸಿಗೂ ಏನು ವ್ಯತ್ಯಾಸ ಎಂಬುದನ್ನು ಅಲ್ಲಿಯವರೆಗೆ ನಾವು ವಿಚಾರ ಮಾಡಿರಲಿಲ್ಲ. ನಡುವೆ ಹಿರಿಯರ ಭಾವಚಿತ್ರ, ಸುತ್ತಲೂ ಹೂವು, ಮೇಲೆ ಎರಡು ದೀಪ, ಕೆಳಗೆ ಕೈಮುಗಿದ ಐದಾರು ಜನರ ಸಣ್ಣ ಮುಖ. ಯಾರೋ ಇದರ ಫೋಟೋ ತೆಗೆದು ವಾಟ್ಸ್ಯಾಪಿನಲ್ಲಿ ಕಳಿಸಿದರು. ಅದು ಅಮ್ಮಿನಬಾವಿಯಲ್ಲಿದ್ದ ಚನ್ನಬಸವ್ವನ ತಮ್ಮ ಫಕೀರೇಶನನ್ನು ತಲುಪಿದ್ದು ಅದೇ ರವಿವಾರ ಬೆಳಿಗ್ಗೆ. ಫಕೀರೇಶನ ಕನ್ನಡಕ ಹೊಲದಲ್ಲಿತ್ತು. ಅಕ್ಷರ ಕಾಣಲಿಲ್ಲ, ಅಕ್ಕ ಕಂಡಳು.

ಇತ್ತ ಮಡಿವಾಳಪ್ಪನ ಮನೆಯ ಮುಂದೆ ಪೆಂಡಾಲು ಏರಿತು. ಎತ್ತರ ಬೆನ್ನಿನ ಕುರ್ಚಿ ಬಂತು. ನಾವು ಕತ್ತಲೆ ಕೋಣೆಯಿಂದ ಸೂಡುಗಳನ್ನು ಒಂದೊಂದಾಗಿ ಬಿಚ್ಚಿ ಹೊರತಂದೆವು. ಚನ್ನಬಸವ್ವ ಬಾಗಿಲಲ್ಲಿ ನಿಂತು ನೋಡಿದಳು. ಮಗನನ್ನು ಒಳಗೆ ಕರೆದಳು. ಅಲ್ಲಿ ಏನು ನಡೆಯಿತೆಂದು ದಾಕ್ಷಾಯಿಣಿ ಆಮೇಲೆ ಹೇಳಿದ್ದಾಳೆ.

"ಹೂವು ತಗ್ಯಾಕತ್ತಾರ. ಇವತ್ತs ಏನು?"

ಮಡಿವಾಳಪ್ಪ ನೆಲ ನೋಡುತ್ತ, "ಹೌದವ್ವಾ," ಎಂದ.

"ಮೊದಲ ಹೇಳಬಾರದ? ತಲಿ ತೊಳಕೋತಿದ್ದೆ," ಎಂದು ಆಕೆ ಬಚ್ಚಲಿಗೆ ಹೋದಳು. ಇಳಕಲ್ ಸೀರೆ ಉಟ್ಟು ಬಂದು, ವಿಭೂತಿ ಧರಿಸಿ, ಸೊಂಟದ ಕೀಲಿಕೈ ಗೊಂಚಲನ್ನು ದಾಕ್ಷಾಯಿಣಿಯ ಕೈಗಿಟ್ಟಳು. "ನಿನ್ನ ಸಾರಿನ್ಯಾಗ ಉಪ್ಪು ಹೆಚ್ಚು ಅಂತ ಇಪ್ಪತ್ತಾರು ವರ್ಷ ಅಂದೇನಿ. ಸುಳ್ಳ. ಸರೀನ ಇರ್ತಿತ್ತು. ಮನಸ್ಸಿನ್ಯಾಗ ಇಟ್ಕೋಬ್ಯಾಡ ತಂಗೀ." ದಾಕ್ಷಾಯಿಣಿ ಕೀಲಿಕೈ ಹಿಡಿದುಕೊಂಡು ಗೋಳೋ ಎಂದು ಅತ್ತಳು. ಸನ್ಮಾನದ ದಿನ ಸೊಸೆ ಇಷ್ಟು ಅಳುವುದನ್ನು ಕಂಡು ನಮಗೆಲ್ಲ ಬಹಳ ಗೌರವ ಹುಟ್ಟಿತು.

ಚನ್ನಬಸವ್ವ ತಾನಾಗಿಯೇ ನಡೆದು ಬಂದು ಕುರ್ಚಿಯಲ್ಲಿ ಕುಳಿತಳು. ಬೆನ್ನು ನೆಟ್ಟಗೆ, ಅಂಗೈಯಲ್ಲಿ ಇಷ್ಟಲಿಂಗ, ಕಣ್ಣು ಮುಚ್ಚಿ. ನಾವು ಹೂವು ಜೋಡಿಸಿದೆವು. ಕೆಂಪು ಬಲಕ್ಕೆ, ಹಳದಿ ಎಡಕ್ಕೆ, ನೀಲಿ ತಲೆಯ ಸುತ್ತ. ಕುತ್ತಿಗೆಯವರೆಗೆ ಹೂವು. ಖರೇ ಹೇಳುತ್ತೇನೆ, ಅಷ್ಟು ಚೆಂದದ ಮುದುಕಿಯನ್ನು ನಾನು ಕಂಡಿಲ್ಲ.

ಮುಖ್ಯ ಅತಿಥಿಗಳು ಹನ್ನೊಂದೂವರೆಗೆ ಬಂದರು. ವೇದಿಕೆ ಏರುವಾಗ ಒಮ್ಮೆಲೇ ನಿಂತರು. ಕುರ್ಚಿಯನ್ನು ನೋಡಿದರು, ಹೂವನ್ನು ನೋಡಿದರು, ಸೆರಗು ಬಾಯಿಗಿಟ್ಟುಕೊಂಡು ಬಿಕ್ಕುತ್ತಿದ್ದ ದಾಕ್ಷಾಯಿಣಿಯನ್ನು ನೋಡಿದರು. ನೀರು ಕೊಡಲು ಹೋದ ನನ್ನನ್ನು ಮೆಲ್ಲಗೆ ಕೇಳಿದರು.

"ಯಾವಾಗ್ರಿ?"

"ಹನ್ನೊಂದಕ್ಕರಿ. ನೀವು ಸ್ವಲ್ಪ ತಡಾ ಆತು," ಎಂದೆ ನಾನು, ಸಮಿತಿಯ ಸದಸ್ಯನಿಗೆ ತಕ್ಕ ನಿಷ್ಠುರದಿಂದ.

ಅವರು ತಾವು ತಂದಿದ್ದ ಭಾಷಣದ ಚೀಟಿಯನ್ನು ಜೇಬಿಗೆ ಹಾಕಿದರು. ಅನುಭವಸ್ಥರು. ಮೈಕಿನ ಮುಂದೆ ನಿಂತು, "ಚನ್ನಬಸವ್ವನವರು ಬಹುಮುಖ ವ್ಯಕ್ತಿತ್ವದವರಾಗಿದ್ದರು. ಅವರ ಜೋಡಿ ಒಡನಾಡುವ ಭಾಗ್ಯ ನಮ್ಮದಾಗಿತ್ತು. ಎಲ್ಲರೂ ಎದ್ದುನಿಂತು ಒಂದು ನಿಮಿಷ ಮೌನ ಆಚರಿಸಬೇಕು," ಎಂದರು. ಅಧ್ಯಕ್ಷರು ಎದ್ದುನಿಂತರು. ಅಧ್ಯಕ್ಷರು ನಿಂತ ಮೇಲೆ ನಾವು ಕೂಡ್ರುವುದು ಹೇಗೆ? ಇಡೀ ಪೆಂಡಾಲು ಎದ್ದುನಿಂತು ತಲೆ ಬಾಗಿಸಿತು.

ಆ ಮೌನದೊಳಗೆ ಅಮ್ಮಿನಬಾವಿಯ ಟೆಂಪೋ ಬಂದು ನಿಂತಿತು. ಅದರಿಂದ ತಾಳ, ದಮ್ಮಡಿ, ಹದಿನಾಲ್ಕು ಜನ ಭಜನೆಯವರು ಇಳಿದರು. ಎಲ್ಲರಿಗಿಂತ ಮುಂದೆ ಫಕೀರೇಶ, "ಅಕ್ಕಾ! ಹೇಳದ ಕೇಳದ ಹೋದ್ಯಲ್ಲ ನನ್ನಕ್ಕಾ!" ಎಂದು ಓಡಿಬಂದು ಚನ್ನಬಸವ್ವನ ಕಾಲ ಮೇಲೆ ಬಿದ್ದ.

ಚನ್ನಬಸವ್ವ ಕಣ್ಣು ತೆರೆದಳು. ಕಾಲ ಬಳಿಯಿದ್ದ ತಮ್ಮನನ್ನು ಗುರುತು ಹಿಡಿದು, ಮರುಕದಿಂದ ಅವನ ತಲೆ ಸವರಿದಳು.

"ಫಕೀರಾ, ನೀನೂ ಬಂದೇನೋ? ನೀ ಯಾವಾಗ ಹೋದಿ?"

ಮುಖ್ಯ ಅತಿಥಿಗಳ ಕೈಯಿಂದ ನನ್ನ ಲೋಟ ಬಿತ್ತು. ಭಜನೆಯವರಲ್ಲಿ ಮೂವರು ಮತ್ತೆ ಟೆಂಪೋ ಹತ್ತಿದರು. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡತೊಡಗಿ, ಎಲ್ಲರೂ ಒಟ್ಟಿಗೆ ಮಡಿವಾಳಪ್ಪನನ್ನು ಸುತ್ತುವರಿದರು.

"ಇದು ಸನ್ಮಾನ ಹೌದೋ ಅಲ್ಲೋ?" ಎಂದರು ಮಾಸ್ತರರು.

"ಹೌದ್ರಿ."

"ನನ್ನಕ್ಕನ ಮಣ್ಣು ಅಂತ ನಾ ಬಂದೇನಿ. ನಾ ಬಂದದ್ದು ಬರೋಬ್ಬರಿ ಹೌದಿಲ್ಲೋ?" ಎಂದ ಫಕೀರೇಶ.

"ಹೌದು ಮಾವಾ."

"ನಾನು ಹೋಗಬಹುದೇನ್ರಿ?" ಎಂದರು ಮುಖ್ಯ ಅತಿಥಿಗಳು.

"ಹೌದ್ರಿ."

ರೂತ್ ಟೀಚರರು ಜನರನ್ನು ಸರಿಸಿಕೊಂಡು ಬಂದು ಅವನೆದುರು ನಿಂತರು. ಅವರು ಗದರಲಿಲ್ಲ. "ಮಡಿವಾಳಪ್ಪ, ನಿಮ್ಮವ್ವ ಮುಂಜಾನಿಂದ ಸಾಯಾಕ ತಯಾರಾಗಿ ಕುಂತಾಳ. ಆಕೀಗೆ ಇವತ್ತ ಹೌದೇನು, ಅಲ್ಲೇನು, ಅಷ್ಟ ಹೇಳು," ಎಂದರು.

ಮಡಿವಾಳಪ್ಪ ತಾಯಿಯ ಕಡೆ ನೋಡಿದ.

"ಅಲ್ಲ," ಎಂದ.

ಆ ಮಾತು ಅವನ ಬಾಯಿಂದ ಬಂದದ್ದನ್ನು ನಾವು ಯಾರೂ ಹಿಂದೆ ಕೇಳಿರಲಿಲ್ಲ. ದಾಕ್ಷಾಯಿಣಿ ಅಳು ನಿಲ್ಲಿಸಿದಳು.

"ಅಲ್ರಿ. ಇದು ಸನ್ಮಾನ ಅಲ್ಲ. ನಾ ಸುಳ್ಳ ಹೇಳಿದೆ. ಈ ಹೂವು ಅವ್ವ ಹೋಗೂ ದಿನಕ್ಕ ಅಂತ ಬೆಳದದ್ದು, ಮತ್ತ ಆ ದಿನಾ ಇವತ್ತ ಅಲ್ಲ. ಅಪ್ಪ ಹೋದಾಗ ಸೈಕಲ್ ತಗೊಂಡು ಊರೆಲ್ಲಾ ಅಡ್ಡಾಡಿದೆ. ಒಂದು ಹೂವು ಸಿಗಲಿಲ್ಲ. ಐದು ಬಟ್ಟಲ ಹೂವು ಇಟ್ಟು ಎತ್ತಿದ್ವಿ. ಎತ್ತೂ ಮುಂದ ಒಂದು ಜಾರಿ ಬಿತ್ತು. ನಾ ಹೆಗಲ ಕೊಟ್ಟಿದ್ದೆ, ಕೆಳಗ ನೋಡಲಿಲ್ಲ. ಅದನ್ನ ತುಳದುಬಿಟ್ಟೆ. ಐದರಾಗ ಒಂದು, ನನ್ನ ಕಾಲಾಗs ಹೋತು. ಇವತ್ತಿನತನಾ ಯಾರಿಗೂ ಹೇಳಿಲ್ಲ." ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

ಪೆಂಡಾಲಿನಲ್ಲಿ ಮತ್ತೊಮ್ಮೆ ಮೌನವಾಯಿತು. ಈ ಸಲ ಯಾರೂ ಆಚರಿಸಿರಿ ಎಂದು ಹೇಳಿರಲಿಲ್ಲ. ಮಾಸ್ತರರು ಕೈಯಲ್ಲಿದ್ದ ಶಾಲಿನಿಂದಲೇ ಕಣ್ಣೊರೆಸಿಕೊಂಡರು.

"ನನಗ ಗೊತ್ತೈತಿ," ಎಂದಳು ಚನ್ನಬಸವ್ವ. "ನಾ ನಿನ್ನ ಹಿಂದs ಇದ್ದೆ. ನೀ ತುಳದದ್ದು ನೋಡಿ, ಅದನ್ನ ಎತ್ತಿ ಉಡಿಯಾಗ ಕಟಗೊಂಡೆ. ಅವರ ಸಂಗ್ತೀನ ಮಣ್ಣಾಗ ಇಟ್ಟೇನಿ. ಐದಕ್ಕ ಐದೂ ಹೋಗ್ಯಾವ."

ಮಡಿವಾಳಪ್ಪ ಅಲ್ಲಿಯೇ ಕುಸಿದು ಕುಳಿತು, ತಾಯಿಯ ಕಾಲಿಗೆ ಹಣೆ ಹಚ್ಚಿ ಅತ್ತ. ಆಕೆ ಸ್ವಲ್ಪ ಹೊತ್ತು ಅಳಗೊಟ್ಟಳು. ಆಮೇಲೆ ಹೂವಿನ ನಡುವಿನಿಂದ ಕೈ ಹೊರತೆಗೆದು ಅವನ ಭುಜ ತಟ್ಟಿದಳು.

"ಹಂಗಾರ ಇವತ್ತ ಅಲ್ಲ?"

"ಅಲ್ಲವ್ವಾ."

"ಮತ್ತ ಉಣ್ಣಾಕ ಹಾಕ್ರಿ. ಮುಂಜಾನಿಂದ ಒಂದ ಹನಿ ಚಾ ಕುಡದಿಲ್ಲ." ಎದ್ದು, ದಾಕ್ಷಾಯಿಣಿಯ ಮುಂದೆ ಕೈ ಚಾಚಿದಳು. "ಕೀಲಿಕೈ ತಾ."

ಎಲ್ಲರೂ ಉಂಡೆವು. ಭಜನೆಯವರು ಉಂಡರು, ಮುಖ್ಯ ಅತಿಥಿಗಳು ಎರಡು ಸಲ ಹೋಳಿಗೆ ಹಾಕಿಸಿಕೊಂಡರು. ಚನ್ನಬಸವ್ವ ಸಾರು ಸುರಿದುಕೊಂಡು ಒಂದು ತುತ್ತು ಉಂಡು, ಉಪ್ಪು ಹೆಚ್ಚಾಗಿದೆ ಎಂದಳು. ದಾಕ್ಷಾಯಿಣಿ ನಕ್ಕಳು. ಮಾಸ್ತರರು ಒದ್ದೆಯಾದ ಶಾಲನ್ನೇ ಸಮಯ ನೋಡಿ ಚನ್ನಬಸವ್ವನಿಗೆ ಹೊದಿಸಿಬಿಟ್ಟರು. ಅವರ ನಲವತ್ತೆರಡನೆಯದು.

ಇಳಿಹೊತ್ತಿಗೆ ಮಡಿವಾಳಪ್ಪ ಕುರ್ಚಿಯ ಹೂವನ್ನು ಒಂದೊಂದಾಗಿ ಬಿಡಿಸಿ, ಮತ್ತೆ ಸೂಡು ಕಟ್ಟತೊಡಗಿದ. ಒಣ ಹೂವು, ಒಂದೂ ಕೆಟ್ಟಿರಲಿಲ್ಲ. ಮತ್ತೆ ಕತ್ತಲೆ ಕೋಣೆಗೆ ಒಯ್ಯಬೇಕೆಂದು ಎದ್ದಾಗ ಚನ್ನಬಸವ್ವ ತಡೆದಳು.

"ಒಳಗ ಬ್ಯಾಡ. ಟೆಂಪೋದಾಗ ಇಡು."

ಅರವತ್ತು ಸೂಡು ಹೂವು, ಹದಿನಾಲ್ಕು ಜನ ಭಜನೆಯವರು, ಸಮಿತಿಯ ಐವರು, ರೂತ್ ಟೀಚರರು, ಕುರ್ಚಿಯ ಸಮೇತ ಚನ್ನಬಸವ್ವ, ಎಲ್ಲರೂ ಅದೇ ಟೆಂಪೋದಲ್ಲಿ ರುದ್ರಭೂಮಿಗೆ ಹೋದೆವು. ಹಿರಿಯರ ಸಮಾಧಿಯ ಮೇಲೆ ಹುಲ್ಲು ಬೆಳೆದಿತ್ತು. ಮಡಿವಾಳಪ್ಪ ಹುಲ್ಲು ಕಿತ್ತ. ಮುದುಕಿ ಕುರ್ಚಿಯಲ್ಲಿ ಕುಳಿತು, ಕೋಲು ತೋರಿಸಿ, ಕೆಂಪು ಎಲ್ಲಿ, ಹಳದಿ ಎಲ್ಲಿ ಎಂದು ಹೇಳುತ್ತ ಹೋದಳು. ಭಜನೆಯವರು ಐದು ವರ್ಷ ತಡವಾಗಿ ಅವರಿಗಾಗಿ ಹಾಡಿದರು. ಮಣ್ಣು ಕಾಣದಂತೆ ಹೂವು ತುಂಬಿದ ಮೇಲೆ ಆಕೆ ಎದ್ದು ಹೋಗಿ, ಒಂದು ಹಳದಿ ಹೂವನ್ನು ಸ್ವಲ್ಪ ಸರಿಸಿಟ್ಟು, "ತಡಾ ಆತ್ರಿ," ಎಂದು ಗಂಡನಿಗೆ ಹೇಳಿದಳು. ಆಗ ಆಕೆ ಅತ್ತಳು. ನಾವೆಲ್ಲ ಬೇರೆ ಕಡೆ ನೋಡುತ್ತ ನಿಂತೆವು.

ಹೊರಡುವಾಗ ಮಡಿವಾಳಪ್ಪ ಬರಿಗೈಯಲ್ಲಿ ನಿಂತಿದ್ದ. ಆರು ತಿಂಗಳ ಬೆಳೆ ಒಂದೂ ಉಳಿದಿರಲಿಲ್ಲ.

"ಅವ್ವಾ, ಎಲ್ಲಾ ಇಲ್ಲೇ ಇಟ್ವಿ. ನಿನ್ನವು?"

"ಬೀಜ ತಗದ ಇಟ್ಟೀಯಿಲ್ಲೋ?"

"ಇಟ್ಟೇನಿ."

ಚನ್ನಬಸವ್ವ ಅವನ ಹೆಗಲಿಗೆ ಕೈಯಿಟ್ಟು ಟೆಂಪೋ ಹತ್ತಿದಳು.

"ಹಂಗಾರ ನನ್ನವು ಮುಂದಿನ ವರ್ಷ ಬಿತ್ತು."